ನೂರಕ್ಕೆ ಎಷ್ಟು ಬೀಜ, ಸಾವಿರಕ್ಕೆ ಎಷ್ಟು ಚಿತ್ರ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಕೃಷ್ಣವೇಣಿ ಹಿಂದೂಪುರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನಿಂತು ಗ್ರಾಫಿಕ್ಸ್ ಕಾರ್ಡೊಂದನ್ನು ಕಿವಿಯ ಪಕ್ಕ ಹಿಡಿದು ಅಲ್ಲಾಡಿಸುತ್ತಿದ್ದಳು. ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ಅವಳ ಮುಖ ಸ್ವಲ್ಪ ಬಾಡಿತು.

"ಅಕ್ಕಾ, ಅದು ಕಳ್ಳೇಕಾಯಲ್ಲ ಕಣಕ್ಕಾ," ಎಂದ ಅಂಗಡಿಯ ಮುತ್ತುರಾಜ್. "ಅದ್ರಾಗೆ ಏನಾರ ಗಲಗಲ ಅಂದ್ರೆ ನಾನೇ ವಾಪಸ್ ಕಳಿಸ್ಬೇಕು."

ಕೃಷ್ಣವೇಣಿ ನಾಲಿಗೆ ಕಚ್ಚಿಕೊಂಡು ಕಾರ್ಡನ್ನು ಕೆಳಗಿಟ್ಟಳು. ಆಮೇಲೆ ಇಬ್ಬರೂ ನಗತೊಡಗಿದರು. ನಗು ನಿಲ್ಲುವಷ್ಟರಲ್ಲಿ ಕೌಂಟರಿನ ಮೇಲಿದ್ದ ಟೀ ಆರಿಹೋಗಿತ್ತು.

ಅದು 2006ರ ಮೇ ತಿಂಗಳು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುವುದು ಅವಳ ಕೈಗೆ ಅಂಟಿದ ಅಭ್ಯಾಸ. ಚೆನ್ನಾಗಿ ಒಣಗಿದ ಕಡಲೆಕಾಯಿಯಲ್ಲಿ ಬೀಜ ಗಲಗಲ ಎನ್ನುತ್ತದೆ. ಮದುವೆಗೆ ಮುಂಚೆ ಅವಳು ಕಲ್ಯಾಣದುರ್ಗದ ಒಂದು ಮಂಡಿಯಲ್ಲಿ ಸ್ಯಾಂಪಲ್ ಸುಲಿಯುವ ಕೆಲಸ ಮಾಡುತ್ತಿದ್ದಳು. ರೈತರ ಮೂಟೆಯಿಂದ ನೂರು ಗ್ರಾಂ ಕಾಯಿ ತೆಗೆದು, ಸುಲಿದು, ಬೀಜವನ್ನಷ್ಟೇ ತಕ್ಕಡಿಗೆ ಹಾಕಬೇಕು. ಎಪ್ಪತ್ತು ಗ್ರಾಂ ಬಂದರೆ ಒಳ್ಳೆಯ ಮಾಲು. ಅರವತ್ತೆರಡು ಬಂದರೆ ಮೂಗು ಮುರಿಯುವ ಮಾಲು. ಎಪ್ಪತ್ತೈದನ್ನು ದಾಟಿದ ಕಾಯನ್ನು ಅವಳು ಕಂಡೇ ಇರಲಿಲ್ಲ.

ಮಂಡಿ ಬಿಟ್ಟರೂ ಈ ಅಳತೆ ಅವಳನ್ನು ಬಿಡಲಿಲ್ಲ. ಯಾವುದನ್ನು ಕಂಡರೂ ನೂರಕ್ಕೆ ಇಷ್ಟು ಎಂದುಬಿಡುತ್ತಿದ್ದಳು. ಪಕ್ಕದ ಬೀದಿಯ ಹೋಟೆಲ್ಲಿನ ದೋಸೆಗೆ ಅರವತ್ತೆಂಟು. ಎದುರು ಮನೆಯ ಹೊಸ ಬಣ್ಣಕ್ಕೆ ಐವತ್ತೈದು. ಮದುವೆಯಾದ ವಾರದಲ್ಲಿ ಗಂಡ ಆಂಜನೇಯ ತನಗೆಷ್ಟು ಎಂದು ಕೇಳಿದಾಗ, "ಅರವತ್ತೇಳು. ಇನ್ನೊಂದಿಷ್ಟು ಬಿಸಿಲು ಕಂಡ್ರೆ ಎಪ್ಪತ್ತಕ್ಕೆ ಬತ್ತೀರ," ಎಂದಿದ್ದಳಂತೆ. ಆಂಜನೇಯ ಕಲ್ಯಾಣದುರ್ಗದಿಂದ ಸೆಟ್ಟೂರಿಗೆ ಸರ್ವೀಸ್ ಜೀಪು ಓಡಿಸುತ್ತಾನೆ. ಅವನಿಗೆ ಬಿಸಿಲಿನ ಕೊರತೆ ಎಂದೂ ಇರಲಿಲ್ಲ. ಒಬ್ಬರಿಗೆ ಮಾತ್ರ ಅವಳು ಅಂಕಿ ಕೊಟ್ಟಿರಲಿಲ್ಲ: ಅತ್ತೆ ನರಸಕ್ಕನಿಗೆ. ಕಡಿಮೆ ಹೇಳಿದರೆ ಜಗಳ, ಜಾಸ್ತಿ ಹೇಳಿದರೆ ಸುಳ್ಳು ಎಂದು ಅವಳ ವಾದ.

ಆಂಜನೇಯನ ಮನೆಯ ಮುಂದಿನ ಕೋಣೆಯಲ್ಲಿ ಕೃಷ್ಣವೇಣಿ ಕಂಪ್ಯೂಟರ್ ಆಟದ ಸೆಂಟರ್ ನಡೆಸುತ್ತಿದ್ದಳು. ನಾಲ್ಕು ಕುರ್ಚಿ, ನಾಲ್ಕು ಹಳೆಯ ಕಂಪ್ಯೂಟರು. ಮೊದಲ ವರ್ಷ ಕುರ್ಚಿಗೆ ಜನ ಕಾಯುತ್ತಿದ್ದರು. ಆಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಇನ್ನೊಂದು ಸೆಂಟರ್ ಬಂತು. ಅಲ್ಲಿ ಹೊಸದೊಂದು ಕಾರ್ ರೇಸು ಇತ್ತು. ಮಳೆ ಸುರಿಯುವ ಒಂದು ದೊಡ್ಡ ಊರಿನಲ್ಲಿ ಕಾರುಗಳು ನೀರು ಚಿಮ್ಮಿಸಿಕೊಂಡು ಓಡುವ ಆಟ. ಕೃಷ್ಣವೇಣಿ ಅದೇ ಆಟವನ್ನು ತಂದು ಹಾಕಿದಳು. ಅವಳ ಕಂಪ್ಯೂಟರುಗಳಲ್ಲಿ ಆಟದ ಚಿತ್ರಗಳನ್ನು ಬೇಗ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಕಾರು ಓಡಲಿಲ್ಲ, ಎಗರಿತು. ಇಲ್ಲಿದ್ದದ್ದು ಮರುಕ್ಷಣ ಅಲ್ಲಿರುತ್ತಿತ್ತು, ನಡುವೆ ಏನಾಯಿತೆಂದು ಯಾರಿಗೂ ಕಾಣುತ್ತಿರಲಿಲ್ಲ.

"ಅಕ್ಕಾ, ಇದು ರೇಸ್ ಕಾರಲ್ಲ, ಅಣ್ಣನ ಜೀಪು. ಸೆಟ್ಟೂರ್ ರೋಡ್ನಾಗೆ ಹೋಯ್ತೈತೆ," ಎಂದ ಡಿಗ್ರಿ ಓದುವ ಜಯಚಂದ್ರ. ದಿನಾ ಬರುವ ಗಿರಾಕಿ, ದಿನಾ ಒಂದು ತಕರಾರು. ಮಾರನೆಯ ದಿನ ಅವನೂ ಬಸ್ ಸ್ಟ್ಯಾಂಡಿನ ಕಡೆ ಹೋಗಿಬಿಟ್ಟ.

ಖಾಲಿ ಕುರ್ಚಿಗಳನ್ನು ಮೊದಲು ಗಮನಿಸಿದವಳು ನರಸಕ್ಕ. ಆ ಮುಂದಿನ ಕೋಣೆ ಮೊದಲು ಅವಳ ಬಿತ್ತನೆ ಬೀಜದ್ದು. ಸೆಟ್ಟೂರಿನ ನೆಂಟರಿಂದ ತಂದ ಕಾಯನ್ನು ಅಲ್ಲಿ ಸುಲಿದು, ಜರಡಿ ಹಿಡಿದು, ಊರಾಚೆಯ ಹೊಲಕ್ಕೆ ಒಯ್ಯುತ್ತಿದ್ದರು. ಹಿಂದಿನ ವರ್ಷ ಬೀಜವನ್ನು ದನದ ಕೊಟ್ಟಿಗೆಯಲ್ಲಿ ಇಡಬೇಕಾಗಿ ಬಂದು, ಒಂದು ಮೂಟೆ ನೆನೆದುಹೋಗಿತ್ತು.

"ನೋಡಮ್ಮ, ನಾನು ನ್ಯಾಯವಾಗಿ ಮಾತಾಡ್ತೀನಿ," ಎಂದಳು ನರಸಕ್ಕ. "ಬಿತ್ತನೆ ಮಳೆ ಬಿದ್ದ ದಿನ ನಾಕೂ ಕುರ್ಚಿ ತುಂಬಿದ್ರೆ ಕೋಣೆ ನಿಂದು. ಒಂದು ಖಾಲಿ ಇದ್ರೂ ಮೂಟೇದು. ಸರೇನಾ?"

"ಸರೇ ಅತ್ತೆ," ಎಂದಳು ಕೃಷ್ಣವೇಣಿ. ಚೀಟಿ ಎತ್ತಿದ ಹನ್ನೆರಡು ಸಾವಿರ ರೂಪಾಯಿ ಸೆರಗಿಗೆ ಕಟ್ಟಿಕೊಂಡು ಹಿಂದೂಪುರದ ಬಸ್ಸು ಹತ್ತಿದಳು. ಕಲ್ಯಾಣದುರ್ಗದಲ್ಲಿ ಸಿಗುವ ಕಾರ್ಡು ಒಂದೇ ಥರದ್ದು. ಹೋಲಿಸಿ ನೋಡದೆ ಅವಳು ಬದನೆಕಾಯನ್ನೂ ಕೊಂಡವಳಲ್ಲ. ಸೋಮಂದೇಪಲ್ಲಿ ದಾಟುವವರೆಗೂ ಪಕ್ಕದ ಸೀಟಿನ ಹೆಂಗಸಿಗೆ ಆಟದ ಕಾರು ಯಾಕೆ ಎಗರುತ್ತದೆ ಎಂದು ವಿವರಿಸಿದಳು. ಆ ಹೆಂಗಸು ಕೊನೆಗೆ, "ಮಂಚಿ ಮೆಕಾನಿಕ್‌ಕಿ ಚೂಪಿಂಚಮ್ಮಾ," ಎಂದು ತೆಲುಗಿನಲ್ಲಿ, ಒಳ್ಳೆಯ ಮೆಕಾನಿಕ್ಕಿಗೆ ತೋರಿಸುವ ಸಲಹೆ ಕೊಟ್ಟು ಇಳಿದುಹೋದಳು.

ಮುತ್ತುರಾಜನ ಅಂಗಡಿಯಲ್ಲಿ ಮೂರು ಕಾರ್ಡುಗಳಿದ್ದವು. ಅವುಗಳ ನಿಜವಾದ ಹೆಸರು ಅರ್ಧ ಇಂಗ್ಲಿಷು, ಅರ್ಧ ಅಂಕಿ. ಯಾರಿಗೂ ಬಾಯಿಗೆ ಬರುವಂಥದ್ದಲ್ಲ. ಗಿರಾಕಿಗಳು ಡಬ್ಬದ ಮೇಲಿನ ಚಿತ್ರ ನೋಡಿಯೇ ಕೇಳುತ್ತಿದ್ದರು. ಕಪ್ಪೆ ಕಾರ್ಡು, ಎರಡು ಸಾವಿರದ ಒಂಬೈನೂರು. ರಾಕ್ಷಸ ಕಾರ್ಡು, ನಾಲ್ಕು ಸಾವಿರದ ಇನ್ನೂರು. ಕತ್ತಿ ಹಿಡಿದ ಹುಡುಗಿಯ ಕಾರ್ಡು, ಎಂಟು ಸಾವಿರದ ಎಂಟುನೂರು.

"ರಾಕ್ಷಸ ತಗಳಕ್ಕಾ," ಎಂದ ಮುತ್ತುರಾಜ್. "ಕಪ್ಪೇಗಿಂತ ಡಬಲ್ ಎಂಬಿ ಮೆಮೊರಿ. ಎಲ್ರೂ ಇದನ್ನೇ ಒಯ್ಯಾದು."

"ಕಾಯಿ ದಪ್ಪ ಐತೆ ಸರಿ ಕಣಪ್ಪ. ಬೀಜ?"

"ಬೀಜ ಅಂದ್ರೆ?"

"ಸುಲಿದು ತೋರ್ಸು."

ಮುತ್ತುರಾಜ್ ಒಳ್ಳೆಯವನು. ಒಳಗಿನ ಕೋಣೆಯಲ್ಲಿದ್ದ ಕಂಪ್ಯೂಟರಿಗೆ ಒಂದೊಂದೇ ಕಾರ್ಡು ಹಾಕಿ ಅದೇ ಮಳೆಯ ರೇಸನ್ನು ಓಡಿಸಿದ. ಪರದೆಯ ಮೂಲೆಯಲ್ಲಿ ಹಳದಿ ಬಣ್ಣದ ಒಂದು ಅಂಕಿ ಕುಣಿಯುವಂತೆ ಮಾಡಿದ. ಸೆಕೆಂಡಿಗೆ ಕಾರ್ಡು ಎಷ್ಟು ಚಿತ್ರ ಬಿಡಿಸುತ್ತಿದೆ ಎಂದು ಅದು ತೋರಿಸುತ್ತದೆ. ಹೆಚ್ಚು ಚಿತ್ರ ಬಂದರೆ ಓಟ ನಯ, ಕಡಿಮೆಯಾದರೆ ಎಗರಾಟ. ಕೃಷ್ಣವೇಣಿಗೆ ಇದು ಅರ್ಥವಾಗಲು ಒಂದು ಕ್ಷಣವೂ ಬೇಕಾಗಲಿಲ್ಲ. ಕುರ್ಚಿಯ ಅಂಚಿಗೆ ಸರಿದು ಕೂತಳು. ಬೀಜವನ್ನು ತಕ್ಕಡಿಯೇ ಇಲ್ಲದೆ ತೂಗುವ ಯಂತ್ರವೊಂದು ಅವಳ ಮುಂದೆ ಕುಣಿಯುತ್ತಿತ್ತು.

ಕಪ್ಪೆಗೆ ಮೂವತ್ತಾರು, ರಾಕ್ಷಸನಿಗೆ ಮೂವತ್ತೆಂಟು, ಹುಡುಗಿಗೆ ಎಂಬತ್ತೊಂದು.

"ನೋಡ್ದಾ? ಮೂರೂ ಚೆನ್ನಾಗವೆ," ಎಂದ ಮುತ್ತುರಾಜ್.

"ಇದು ಮೂಟೆ ಮೇಲಿನ ಕಾಯಿ ಕಣಪ್ಪ. ಖಾಲಿ ರೋಡು, ಒಂದೇ ಕಾರು. ಮೇಲೆ ಎಲ್ರೂ ಒಳ್ಳೇದನ್ನೇ ಸುರೀತಾರೆ. ಕೈ ತಳಕ್ಕೆ ಹಾಕು."

"ತಳ ಎಲ್ಲೈತಕ್ಕಾ ಇದ್ಕೆ?"

ಕೃಷ್ಣವೇಣಿ ತಾನೇ ಓಡಿಸಿ ತೋರಿಸಿದಳು. ಮೂರನೆಯ ಸುತ್ತಿನಲ್ಲಿ ಸೇತುವೆ ಇಳಿದ ಮೇಲೆ ಒಂದು ತಿರುವು. ಅಲ್ಲಿ ಜೋರು ಮಳೆ, ರಸ್ತೆಯ ತುಂಬ ನೀರು, ಎಂಟು ಕಾರು ಒಟ್ಟಿಗೆ ಒಂದರ ಮೇಲೊಂದು ಬೀಳುತ್ತವೆ. ಮೂಟೆಯ ತಳ ಅದೇ. ಅಲ್ಲಿ ಕಪ್ಪೆಗೆ ಹತ್ತೊಂಬತ್ತು, ರಾಕ್ಷಸನಿಗೆ ಇಪ್ಪತ್ತು, ಹುಡುಗಿಗೆ ನಲವತ್ತೇಳು.

ರಾಕ್ಷಸನ ಕಥೆ ಅಲ್ಲಿಗೆ ಮುಗಿಯಿತು. ಸಾವಿರದ ಮುನ್ನೂರು ರೂಪಾಯಿ ಹೆಚ್ಚಿಗೆ ಕೊಟ್ಟರೆ ಬರುವುದು ಒಂದೇ ಒಂದು ಚಿತ್ರ. "ಬರೀ ಸಿಪ್ಪೆ," ಎಂದಳು ಕೃಷ್ಣವೇಣಿ. ಮುತ್ತುರಾಜ್ ಎರಡು ವರ್ಷದಿಂದ ತಾನು ಮಾರಿದ ರಾಕ್ಷಸರನ್ನೆಲ್ಲ ನೆನೆದುಕೊಂಡು ಆ ಡಬ್ಬವನ್ನು ಹಿಂದಕ್ಕೆ ಸರಿಸಿದ.

ಆಮೇಲೆ ಅವಳು ತನ್ನ ಲೆಕ್ಕ ಹಾಕಿದಳು. ಮಂಡಿಯ ಲೆಕ್ಕವೇ. ನೂರಕ್ಕೆ ಎಷ್ಟು ಬೀಜ ಎನ್ನುವುದರ ಬದಲು ಸಾವಿರ ರೂಪಾಯಿಗೆ ಎಷ್ಟು ಚಿತ್ರ. ಕಪ್ಪೆ ಆರೂವರೆ ಕೊಡುತ್ತದೆ. ರಾಕ್ಷಸ ಐದಕ್ಕೆ ಸ್ವಲ್ಪ ಕಡಿಮೆ. ಹುಡುಗಿ ಐದೂಕಾಲಿಗೆ ಸ್ವಲ್ಪ ಮೇಲೆ. ಮೂರರಲ್ಲಿ ಕಪ್ಪೆಯೇ ಮೊದಲು. ಮೇಲಾಗಿ ಹನ್ನೆರಡು ಸಾವಿರದಲ್ಲಿ ನಾಲ್ಕು ಕುರ್ಚಿಗೂ ಸಿಗುವುದು ಕಪ್ಪೆ ಮಾತ್ರ.

"ನಾಕು ಕಪ್ಪೆ ಕಟ್ಕೊಡು," ಎಂದಳು, ತರಕಾರಿ ಅಂಗಡಿಯಲ್ಲಿ ಕೇಳುವ ಹಾಗೆ.

"ಬಿಚ್ಚಿದ ಮೇಲೆ ವಾಪಸ್ ತಗಳಲ್ಲ ಕಣಕ್ಕಾ. ಮೊದ್ಲೇ ಹೇಳ್ಬುಟ್ಟೆ."

"ನಿನ್ನ ಅಂಗಡಿಗೆ ಅರವತ್ತೊಂಬತ್ತು," ಎಂದು ಹರಸಿ ಅವಳು ಬಸ್ಸು ಹತ್ತಿದಳು. ನಾಲ್ಕು ಡಬ್ಬಗಳನ್ನೂ ಮಡಿಲಲ್ಲಿ ಇಟ್ಟುಕೊಂಡಿದ್ದಳು. ನಾಲ್ಕೂ ಕಪ್ಪೆಗಳು ಕಣ್ಣು ಅರಳಿಸಿಕೊಂಡು ಕಂಡಕ್ಟರನನ್ನೇ ನೋಡುತ್ತಿದ್ದವು.

ಮಾರನೆಯ ದಿನ ಮಧ್ಯಾಹ್ನ ಕೋಣೆಯಲ್ಲಿ ಹಬ್ಬ. ಸುದ್ದಿ ತಿಳಿದು ಹುಡುಗರೆಲ್ಲ ವಾಪಸ್ ಬಂದರು. ಜಯಚಂದ್ರನೇ ಮೊದಲ ಕುರ್ಚಿ ಹಿಡಿದ. ಮೊದಲ ಸುತ್ತು ಬೆಣ್ಣೆ. ಎರಡನೆಯದೂ ಬೆಣ್ಣೆ. "ಅಕ್ಕಾ, ಸೂಪರ್! ಎಂಬತ್ತು ಕೊಟ್ಟೆ ನಿಂಗೆ!" ಎಂದು ಕೂಗಿದ. ಮೂರನೆಯ ಸುತ್ತಿನಲ್ಲಿ ಸೇತುವೆ ಇಳಿಯಿತು, ಮಳೆ ಜೋರಾಯಿತು, ಎಂಟು ಕಾರು ಒಟ್ಟಿಗೆ ಸೇರಿದವು. ಕಾರು ಎಗರತೊಡಗಿತು.

"ಮತ್ತೆ ಸೆಟ್ಟೂರ್ ರೋಡು ಬಂತು," ಎಂದ ಜಯಚಂದ್ರ, ನಿಟ್ಟುಸಿರು ಬಿಟ್ಟು.

ಸಂಜೆಯ ಹೊತ್ತಿಗೆ ಎರಡು ಕುರ್ಚಿ ಖಾಲಿ. ಕೃಷ್ಣವೇಣಿ ಹೊಸ್ತಿಲ ಮೇಲೆ ಕೂತು ಲೆಕ್ಕವನ್ನು ಮತ್ತೆ ಹಾಕಿದಳು. ಆರೂವರೆಯೇ ಬಂತು. ಇನ್ನೊಮ್ಮೆ ಹಾಕಿದಳು. ಆಗಲೂ ಆರೂವರೆ. ಲೆಕ್ಕ ಸರಿಯಿತ್ತು, ಕಾರು ಎಗರುವುದೂ ನಿಜವಾಗಿತ್ತು. ಬಿತ್ತನೆಯ ಮಳೆಗೆ ಒಂದು ತಿಂಗಳು ಉಳಿದಿತ್ತೋ ಇಲ್ಲವೋ.

ನರಸಕ್ಕ ಅಂಗಳದಲ್ಲಿ ಚಟ್ನಿಗೆಂದು ಬೀಜ ಹಸನು ಮಾಡುತ್ತಿದ್ದಳು. ಸೊಸೆಯ ಮುಖ ನೋಡಿ ಕೇಳಿದಳು, "ಏನಾಯ್ತೇ? ಕಪ್ಪೆ ಕೂಗ್ಲಿಲ್ವಾ?"

ಕೃಷ್ಣವೇಣಿ ಎಲ್ಲವನ್ನೂ ಹೇಳಿದಳು. ಹತ್ತೊಂಬತ್ತು, ಇಪ್ಪತ್ತು, ನಲವತ್ತೇಳು. ಸಾವಿರಕ್ಕೆ ಆರೂವರೆ. ನರಸಕ್ಕ ಬೀಜ ಆರಿಸುತ್ತಲೇ ಕೇಳಿಸಿಕೊಂಡಳು.

"ನೀನು ಹಾಕಿರಾದು ಎಣ್ಣೆ ಲೆಕ್ಕ ಕಣಮ್ಮ," ಎಂದಳು. "ಗಾಣಕ್ಕೆ ಹೋಗೋ ಮಾಲಿಗೆ ನೂರಕ್ಕೆ ಎಷ್ಟು ಅಂತ ನೋಡ್ಬೋದು. ಚೂರು ಬೀಜನೂ ಎಣ್ಣೆ ಬಿಡ್ತದೆ. ಬಿತ್ತನೇಗೆ ಹಂಗಲ್ಲ. ಅದಕ್ಕೆ ಮೊದ್ಲು ಜರಡಿ. ಮ್ಯಾಲೆ ನಿಂತಿದ್ದು ಬೀಜ, ಕೆಳಕ್ ಬಿದ್ದಿದ್ದು ಕೋಳೀಗೆ. ಸಣ್ಣ ಬೀಜ ಚೀಪು ಅಂತ ಎಲ್ಡು ಮೂಟೆ ತಂದು ಬಿತ್ತಿದ್ರೆ ಮೊಳಕೆ ಬತ್ತದಾ?"

ಕೃಷ್ಣವೇಣಿ ಹೊಸ್ತಿಲಿನಿಂದ ಇಳಿದು ಅತ್ತೆಯ ಪಕ್ಕ ಬಂದು ಕೂತಳು. ಅವಳು ದುಡಿದಿದ್ದು ಎಣ್ಣೆಯ ಮಂಡಿಯಲ್ಲಿ. ಬಿತ್ತನೆಯ ಜರಡಿ ಹಿಡಿದವಳು ಅತ್ತೆ. ಓಟ ನಯವಾಗಿ ಕಾಣಲು ಇಷ್ಟು ಚಿತ್ರ ಬೇಕೇ ಬೇಕು ಎನ್ನುವ ಒಂದು ಗೆರೆ ಇದೆ. ಅದರ ಕೆಳಗೆ ಬಿದ್ದದ್ದು ಎಷ್ಟು ಅಗ್ಗವಾದರೂ ಉಪಯೋಗವಿಲ್ಲ. ಬೆಲೆಯ ಲೆಕ್ಕ ಶುರುವಾಗುವುದು ಆ ಗೆರೆಯ ಮೇಲೆ.

"ಅತ್ತೆ, ಕೋಣೆ ನಿಮಗೆ ಬೇಕಿತ್ತು. ನಂಗ್ಯಾಕೆ ಹೇಳ್ಕೊಟ್ರಿ?"

"ಕೋಣೆ ವಿಚಾರ ಬ್ಯಾರೆ, ಜರಡಿ ವಿಚಾರ ಬ್ಯಾರೆ. ತಪ್ಪು ಜರಡಿ ಹಿಡಿಯೋರನ್ನ ಕಂಡ್ರೆ ನಂಗೆ ಕೈ ಕಡೀತದೆ," ಎಂದಳು ನರಸಕ್ಕ.

ಜರಡಿಯ ತೂತು ಎಷ್ಟು ದೊಡ್ಡದಿರಬೇಕು ಎಂದು ಮಾರನೆಯ ದಿನ ಕಂಡುಹಿಡಿದರು. ಅಂಗಡಿಯಲ್ಲಿ ಕಲಿತು ಬಂದಂತೆ ಪರದೆಗೆ ತಂದ ಹಳದಿ ಅಂಕಿಯನ್ನು ಕೃಷ್ಣವೇಣಿ ಅಂಗೈಯಿಂದ ಮುಚ್ಚಿ, ತಾನು ಮಾತ್ರ ಇಣುಕಿ ನೋಡುತ್ತಿದ್ದಳು. ಹುಡುಗರು ಎಗರುತ್ತಿದೆ, ಇಲ್ಲ ಎಂದಷ್ಟೇ ಹೇಳಬೇಕು. ಅಂಕಿ ಕಂಡರೆ ಬಾಯಿ ಅದಕ್ಕೆ ತಕ್ಕಂತೆ ತಿರುಗುತ್ತದೆ ಎಂದು ಅವಳಿಗೆ ಮಂಡಿಯಿಂದಲೇ ಗೊತ್ತಿತ್ತು. ಇಪ್ಪತ್ತೇಳರ ಕೆಳಗೆ ಎಲ್ಲರೂ ಎಗರುತ್ತಿದೆ ಎಂದರು. ಮೂವತ್ತರ ಮೇಲೆ ಯಾರೂ ಹಾಗೆನ್ನಲಿಲ್ಲ. ನಡುವೆ ಜಗಳ. ಅವಳ ಜರಡಿ ಮೂವತ್ತಕ್ಕೆ ನಿಂತಿತು.

ಹತ್ತೊಂಬತ್ತನ್ನು ಮೂವತ್ತು ಮಾಡುವುದು ಹೇಗೆ? ಅವಳು ಹಿಂದೂಪುರಕ್ಕೆ ಫೋನು ಮಾಡಿದಳು.

"ವಾಪಸ್ ತಗಳಲ್ಲ ಅಂತ ಹೇಳಿದ್ನಲ್ಲಕ್ಕಾ!" ಎಂದ ಮುತ್ತುರಾಜ್, ಹಲೋ ಎನ್ನುವುದಕ್ಕೂ ಮುಂಚೆ.

"ಕಾರ್ಡು ವಾಪಸ್ ಬ್ಯಾಡ ಕಣಪ್ಪ. ಆಟಾನೇ ಹಸನು ಮಾಡ್ಬೇಕು. ಅದ್ರಾಗೆ ಕಸ ಏನೇನೈತೆ ಹೇಳು."

ಆಟದೊಳಗೇ ಒಂದು ಪುಟ ಇದೆ, ಅಲ್ಲಿ ಹೊಗೆ, ನೆರಳು, ನೀರಿನ ಹೊಳಪು, ಹೀಗೆ ಒಂದೊಂದನ್ನೂ ಬೇರೆಬೇರೆಯಾಗಿ ತೆಗೆಯಬಹುದು, ಕಾರ್ಡಿನ ಹೊರೆ ಅಷ್ಟು ಇಳಿಯುತ್ತದೆ ಎಂದು ಅವನು ಹೇಳಿದ. ಕೃಷ್ಣವೇಣಿ ಒಂದನ್ನು ತೆಗೆದು ಅಳೆದಳು. ಮತ್ತೆ ಅದನ್ನು ಹಾಕಿ, ಇನ್ನೊಂದನ್ನು ತೆಗೆದು ಅಳೆದಳು. ಎರಡನ್ನು ಒಟ್ಟಿಗೆ ಮುಟ್ಟಿದರೆ ಯಾವುದು ಎಷ್ಟು ತಿನ್ನುತ್ತಿತ್ತು ಎಂದು ತಿಳಿಯುವುದಿಲ್ಲವಲ್ಲ. ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದುಡ್ಡು ಕೊಟ್ಟು ಆಡುವುದಕ್ಕಿಂತ ಇದೇ ಚೆನ್ನಾಗಿದೆ ಎಂದು ಹುಡುಗರು ಗೋಡೆಗೆ ಒರಗಿ ನಿಂತಿದ್ದರು. ನರಸಕ್ಕ ನಡುವಿನ ಒಂದು ಕುರ್ಚಿ ಹಿಡಿದು ಕೂತಿದ್ದಳು.

ಹೊಗೆ ತೆಗೆದರು. ಇಪ್ಪತ್ತೊಂದು.

"ಹೊಗೆ ಹೋದ್ರೆ ಹೋಗ್ಲಿ. ಕೆಮ್ಮು ಕಮ್ಮಿ ಆಯ್ತದೆ," ಎಂದಳು ನರಸಕ್ಕ.

ರಸ್ತೆಬದಿಯ ಜನರನ್ನು ತೆಗೆದರು. ಇಪ್ಪತ್ತು. ಒಂದು ಚಿತ್ರಕ್ಕೋಸ್ಕರ ಅಷ್ಟು ಜನರನ್ನು ಮನೆಗೆ ಕಳಿಸುವುದು ಬೇಡ ಎಂದು ವಾಪಸ್ ಕರೆದರು. ಜಯಚಂದ್ರ ಆ ಪುಟದಲ್ಲಿ ಮಳೆಯ ಹನಿ ಎಂದಿದ್ದ ಕಡೆ ಬಾಣದ ಗುರುತು ಇಟ್ಟ.

"ಏಯ್! ಮಳೆ ಮುಟ್ಟಬ್ಯಾಡ ಕಣ್ಲಾ!" ಎಂದು ನರಸಕ್ಕ ಎದ್ದು ನಿಂತಳು. "ಜನ ದುಡ್ಡು ಕೊಟ್ಟು ನೋಡಾಕ್ ಬರಾದೇ ಅದನ್ನ. ಬ್ಯಾರೆ ಏನಾರ ತೆಗಿ."

ನೆರಳು ತೆಗೆದರು. ಹಳದಿ ಅಂಕಿ ಒಮ್ಮೆ ಮಿನುಗಿ ಮೇಲೆ ಹಾರಿತು. ಸೇತುವೆ ಇಳಿದರು, ಎಂಟು ಕಾರು ಒಟ್ಟಿಗೆ ಬಿದ್ದವು. ಮೂವತ್ತೊಂದು! ಹೊಗೆಯನ್ನೂ ತೆಗೆದರು. ಮೂವತ್ತಮೂರು! ಜಯಚಂದ್ರ ಕುರ್ಚಿ ಸಮೇತ ಹಿಂದಕ್ಕೆ ಬಿದ್ದ. ಯಾರೋ ಶಿಳ್ಳೆ ಹಾಕಿದರು. ಕೃಷ್ಣವೇಣಿ ನರಸಕ್ಕನ ಎರಡೂ ಕೈ ಹಿಡಿದು ಒಂದು ಸುತ್ತು ತಿರುಗಿಸಿಬಿಟ್ಟಳು.

"ಬಿಡೇ, ತಲೆ ತಿರುಗ್ತದೆ! ಅಲ್ಲಾ, ನೆರಳೇ ಇಲ್ದಿರಾ ಮರ ಯಾವ ಸೀಮೇದೇ?"

"ಮಧ್ಯಾಹ್ನದ ಕಲ್ಯಾಣದುರ್ಗದ್ದು ಕಣತ್ತೆ!"

ನಾಲ್ಕು ಕಂಪ್ಯೂಟರಿನಲ್ಲೂ ನೆರಳು, ಹೊಗೆ ಹೋದವು. ಮಳೆ ಉಳಿಯಿತು. ಒಂದು ವಾರದಲ್ಲಿ ಕುರ್ಚಿಗೆ ಮತ್ತೆ ಜನ ಕಾಯತೊಡಗಿದರು. ಕಾಯುವವರಲ್ಲಿ ನರಸಕ್ಕನೂ ಒಬ್ಬಳು. ಅವಳು ರೇಸಿನಲ್ಲಿ ಗೆಲ್ಲುತ್ತಿರಲಿಲ್ಲ. ಮಳೆಯಲ್ಲಿ ನಿಧಾನವಾಗಿ ಕಾರು ಓಡಿಸಿಕೊಂಡು, ಹಿಂದಿನವರು ಹಾರ್ನ್ ಹೊಡೆದರೆ ಬೈಯುತ್ತ ಹೋಗುತ್ತಿದ್ದಳು.

ಆದರೆ ಕರಾರು ಕರಾರೇ. ಜೂನ್ ಎರಡನೆಯ ವಾರ, ಒಂದು ಮಧ್ಯಾಹ್ನ, ಬಿತ್ತನೆಯ ಮಳೆ ಬಂತು. ಆಗ ನಾಲ್ಕೂ ಕುರ್ಚಿ ತುಂಬಿದ್ದವು. ಮೊದಲ ಗುಡುಗಿಗೆ ಹುಡುಗರು ತಲೆ ಎತ್ತಿದರು. ಮಣ್ಣಿನ ವಾಸನೆ ಬಾಗಿಲವರೆಗೆ ಬಂದದ್ದೇ ತಡ, ನಾಲ್ವರೂ ಎದ್ದು ಬೀದಿಗೆ ಓಡಿದರು. ಪರದೆಯ ಮಳೆಯಲ್ಲಿ ಅವರ ಕಾರುಗಳು ಹಾಗೇ ನಿಂತವು. ಹೊರಗಿನ ಮಳೆಯಲ್ಲಿ ಅವರು ಕೈ ಬೀಸಿ ಕುಣಿಯುತ್ತಿದ್ದರು.

"ಬನ್ರೋ! ಒಂದೇ ನಿಮಿಷ ಕೂತ್ಕಳ್ರೋ! ನಿಮ್ ಕಾಲಿಗೆ ಬೀಳ್ತೀನಿ!" ಎಂದು ಕೃಷ್ಣವೇಣಿ ಬಾಗಿಲಲ್ಲಿ ನಿಂತು ಕೂಗಿದಳು. ಮಳೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಅದೇ ಹೊತ್ತಿಗೆ ಆಂಜನೇಯನ ಜೀಪು ಬಂದು ಬಾಗಿಲಿಗೇ ನಿಂತಿತು. ಹಿಂದೆ ಟಾರ್ಪಾಲಿನ ಕೆಳಗೆ ಬಿತ್ತನೆಯ ಮೂಟೆಗಳು, ಮುಂದಿನ ಸೀಟಿನಲ್ಲಿ ನರಸಕ್ಕ. ಆಂಜನೇಯ ಒಂದು ಮೂಟೆಯನ್ನು ಹೆಗಲಿಗೇರಿಸಿಕೊಂಡು ಒಳಗೆ ಬಂದ. ಹಿಂದೆಯೇ ಬಂದ ನರಸಕ್ಕ ತಲೆಯ ಸೆರಗು ಕೊಡವಿ, ನಾಲ್ಕು ಖಾಲಿ ಕುರ್ಚಿಗಳನ್ನು ನೋಡಿದಳು. ಸೊಸೆಯನ್ನು ನೋಡಿದಳು.

ನರಸಕ್ಕ ಹೋಗಿ ಮೊದಲ ಕುರ್ಚಿಯಲ್ಲಿ ಕೂತಳು.

"ಒಂದು," ಎಂದಳು. "ಲೇ ಆಂಜನೇಯ, ನೀನು ಅಲ್ಲಿ ಕೂತ್ಕ. ಎಲ್ಡು. ನೀನ್ಯಾಕೇ ಕಂಬದಂಗೆ ನಿಂತೀಯ, ಅಲ್ಲಿ ಕೂತ್ಕ. ಮೂರು."

"ನಾಲ್ಕನೇದು ಅವ್ವಾ?" ಎಂದ ಆಂಜನೇಯ, ಹೆಗಲ ಮೇಲಿನ ಮೂಟೆಯ ಸಮೇತ ಕೂರಲು ಬಗ್ಗುತ್ತ.

"ನಾಕನೇದು ನಿನ್ನ ಹೆಗಲ ಮ್ಯಾಲೈತಲ್ಲೋ!"

ಆಂಜನೇಯ ಮೂಟೆಯನ್ನು ನಾಲ್ಕನೆಯ ಕುರ್ಚಿಯಲ್ಲಿ ಕೂರಿಸಿದ. ಕುರ್ಚಿ ಕಿರ್ ಎಂದಿತು. ಮೂಟೆ ಪರದೆಯ ಕಡೆಗೆ ಮುಖ ಮಾಡಿ, ರೇಸಿಗೆ ಕಾಯುವವರ ಹಾಗೆ ಸ್ವಲ್ಪ ಮುಂದಕ್ಕೆ ವಾಲಿ ಕೂತಿತು. ಉಳಿದ ಮೂಟೆಗಳು ನರಸಕ್ಕ ಮಲಗುವ ನಡುಮನೆಗೆ ಹೋದವು. ಅಲ್ಲಿ ಅವಳ ಮಂಚ ಗೋಡೆಗೆ ಸರಿದದ್ದು ಬೆಳಿಗ್ಗೆಯೇ ಎಂದು ಕೃಷ್ಣವೇಣಿಗೆ ಆಮೇಲೆ ತಿಳಿಯಿತು.

ನೆನೆದು ತೊಪ್ಪೆಯಾಗಿ ಬಂದ ಹುಡುಗರು ಬಾಗಿಲಲ್ಲೇ ನಿಂತರು. ಒಳಗೆ ಅತ್ತೆ, ಮಗ, ಸೊಸೆ ರೇಸಿನಲ್ಲಿದ್ದರು. ಕೊನೆಯಲ್ಲಿದ್ದದ್ದು ಮೂಟೆಯ ಕಾರು. ಅದರ ಮುಂದೆಯೇ ನರಸಕ್ಕನದು.

"ಅಕ್ಕಾ," ಎಂದ ಜಯಚಂದ್ರ, ತಲೆಯಿಂದ ನೀರು ಇಳಿಸಿಕೊಳ್ಳುತ್ತ, "ಊರಿಗೆಲ್ಲಾ ಹೇಳ್ತೀಯ. ಇವತ್ತಾದ್ರೂ ಹೇಳ್ಬುಡು. ನಿಮ್ಮತ್ತೆಗೆ ನೂರಕ್ಕೆ ಎಷ್ಟು?"

"ಹೇಳ್ಲಿ ಬಿಡು, ನಂಗೇನ್ ಬ್ಯಾಸರಿಲ್ಲ," ಎಂದಳು ನರಸಕ್ಕ, ಪರದೆಯಿಂದ ಕಣ್ಣು ತೆಗೆಯದೆ. ಆದರೆ ಅವಳ ಕಾರು ರಸ್ತೆಯ ನಡುವೆ ನಿಂತುಬಿಟ್ಟಿತು.

ಕೃಷ್ಣವೇಣಿ ಕುರ್ಚಿಯಲ್ಲಿ ಕೂತ ಮೂಟೆಯನ್ನು ನೋಡಿದಳು, ಅತ್ತೆಯ ಒದ್ದೆ ಸೆರಗನ್ನು ನೋಡಿದಳು.

"ಸಿಪ್ಪೆ ಇಲ್ದಿರಾ ಕಾಯಿ ಭೂಮಿ ಮ್ಯಾಲೆ ಇಲ್ಲ ಕಣತ್ತೆ," ಎಂದಳು. ಆಮೇಲೆ ಬೀದಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳಿದಳು: "ಎಪ್ಪತ್ತೊಂಬತ್ತು!"